ಕಾಯಿದೆ ಪ್ರಕಾರ ನಾತವಿಲ್ಲ

"ಏಯ್, ಗೆರೆ ಹಿಂದೆ! ಗೆರೆ ಹಿಂದೆ ನಿಲ್ಲೇ! ಇನ್ನೊಂದ್ ಹೆಜ್ಜೆ ಮುಂದೆ ಬಂದ್ರೆ ನಾನ್ ಇಲ್ಲೇ ಕಕ್ಕೊಂಡ್ ಸಾಯ್ತೀನಿ!"

ಇಷ್ಟು ಹೇಳುವಷ್ಟರಲ್ಲಿ ತೆರಿಗೆ ಸಾಹೇಬ ಜೇಬಿನಿಂದ ಕರ್ಚೀಫು ಎಳೆದು ಮೂಗಿಗೆ ಒತ್ತಿಕೊಂಡಾಗಿತ್ತು. ಸುಣ್ಣದಕ್ಕ ಎರಡು ಹೆಜ್ಜೆ ಹಿಂದೆ ಸರಿದಳು. ಅವಳ ಹಿಂದಿದ್ದ ಕಿಲಕಿಲಿ ಸರಿದಳು. ಕಿಲಕಿಲಿಯ ಹಿಂದಿದ್ದ ಹದಿನಾರು ಮಂದಿಯೂ ಒಬ್ಬರ ಕಾಲು ಒಬ್ಬರು ತುಳಿಯುತ್ತ ಸರಿದು, ಕೊನೆಯವಳು ಬಾಗಿಲಿನಿಂದಾಚೆ ಮೆಟ್ಟಿಲ ಮೇಲೆ ಕುಕ್ಕರಿಸಿದಳು.

ಎಲ್ಲರೂ ಊರಾಚೆಯ ಚರ್ಮದ ಕಾರ್ಖಾನೆಯವರು, ಕೆಲಸ ಮುಗಿಸಿ ನೇರ ಬಂದಿದ್ದರು. ತೊಗಲನ್ನು ಸುಣ್ಣದ ಗುಂಡಿಯಲ್ಲಿ ನೆನೆಹಾಕಿ, ಕೊಕ್ಕೆಯಿಂದ ಎಳೆದು, ಕೂದಲು ಕೆರೆಯುವುದು ಸುಣ್ಣದಕ್ಕನ ಕೆಲಸ. ಹತ್ತೊಂಬತ್ತು ವರ್ಷದಿಂದ ಅದೇ ಗುಂಡಿ, ಅದೇ ಕೊಕ್ಕೆ. ಹೆತ್ತವರಿಟ್ಟ ಹೆಸರು ಸಂಬಳದ ಚೀಟಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ. ಕಿಲಕಿಲಿ ಅದೇ ಗುಂಡಿಯ ಎದುರು ದಡದವಳು. ಕಂಡದ್ದಕ್ಕೆಲ್ಲ ನಗುತ್ತಾಳೆಂದು ಆ ಹೆಸರು. ಅವಳನ್ನು ಸಾವಿನ ಮನೆಗೆ ಕರೆದೊಯ್ಯುವ ಹಾಗಿರಲಿಲ್ಲ.

"ನಿಂತೋಯ್ತು," ಎಂದ ಸಾಹೇಬ, ಅವಳ ಫಾರಮ್ಮನ್ನು ಪೆನ್ನಿನ ತುದಿಯಿಂದ ಹಿಂದಕ್ಕೆ ತಳ್ಳುತ್ತ.

"ಏನ್ ನಿಂತೋಯ್ತು ಸಾಹೇಬ್ರೇ?"

"ಮಲಿನ ಕೆಲಸದ ವಿನಾಯಿತಿ. ಹತ್ತು ವರ್ಷಕ್ಕೆ ಅಂತ ಕೊಟ್ಟಿದ್ರು. ಹೋದ ತಿಂಗಳ ಕೊನೇಗೆ ಅವಧಿ ಮುಗೀತು. ಈ ಫಾರಂ ತಗೊಂಡ್ ಹೋಗಿ ಒಲೆ ಹಚ್ಚು."

ಕಾಗದದ ಮೇಲೆ ಅದಕ್ಕೆ ಆ ಹೆಸರು. ಗುಂಡಿಯವರ ಬಾಯಲ್ಲಿ ಅದು ಸೋಪಿನ ದುಡ್ಡು. ಕೊಳೆಯಲ್ಲಿ ದುಡಿಯುವವರು ಸೋಪು, ಬೂಟು, ಕೈಗವಸಿಗೆ ಸುರಿದ ಹಣವನ್ನು ಸಂಬಳದಿಂದ ಕಳೆದು, ಉಳಿದದ್ದಕ್ಕೆ ಮಾತ್ರ ತೆರಿಗೆ. ಹೆಚ್ಚಿಗೆ ಹಿಡಿದದ್ದು ವರ್ಷದ ಮೊದಲಲ್ಲಿ ವಾಪಸು ಬರುತ್ತಿತ್ತು. ಅದು ಬಂದ ವಾರವೇ ಮೊಣಕೈವರೆಗಿನ ದಪ್ಪ ರಬ್ಬರಿನ ಹೊಸ ಕೈಗವಸು. ಕಾರ್ಖಾನೆ ಒಂದು ಬೆರಳಿನಷ್ಟು ರಬ್ಬರೂ ಕೊಡುತ್ತಿರಲಿಲ್ಲ. "ಸರ್ಕಾರ ಕೊಡ್ತದಲ್ಲ" ಎನ್ನುತ್ತಿತ್ತು.

"ಮುಂದುವರಿಸ್ಲಿಲ್ವಾ ಸಾಹೇಬ್ರೇ?"

"ಹತ್ತು ವರ್ಷದಲ್ಲಿ ಮಿಷನ್ ಬರ್ತವೆ, ಕೆಲಸ ಸ್ವಚ್ಛ ಆಗುತ್ತೆ, ಆಮೇಲೆ ಇದು ಬೇಡ ಅಂತ ಕಾಯಿದೆಯಲ್ಲೇ ಬರೆದಿದೆ. ಹತ್ತು ವರ್ಷ ಆಯ್ತು. ಅಲ್ಲಿಗೆ ಸ್ವಚ್ಛ ಆಯ್ತು."

"ಮಿಷನ್ನೇ ಬಂದಿಲ್ವಲ್ಲ!"

"ಕಾಯಿದೆ ಪ್ರಕಾರ ಬಂದಿದೆ."

ಸುಣ್ಣದಕ್ಕ ತನ್ನ ತೋಳನ್ನೇ ಒಮ್ಮೆ ಮೂಸಿ ನೋಡಿದಳು. "ಹಂಗಾದ್ರೆ ಈಗ ನಾವು ನಾರ್ತಿಲ್ಲ?"

"ಕಾಯಿದೆ ಪ್ರಕಾರ ನಿಮ್ಮದು ಸ್ವಚ್ಛ ಕೆಲಸ," ಎಂದ ಸಾಹೇಬ, ಕರ್ಚೀಫಿನೊಳಗಿಂದ.

ಕಿಲಕಿಲಿಗೆ ಅಷ್ಟು ಸಾಕಾಯಿತು. ಮೊದಲು ಮೂಗಿನಿಂದ ಒಂದು ಪೀಪಿ ಊದಿದ ಹಾಗೆ ಸದ್ದು ಬಂತು, ಆಮೇಲೆ ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿದಳು. ಒರಗಿದ ಜಾಗದಲ್ಲೇ ನೋಟೀಸು ಅಂಟಿಸಿತ್ತು. ಅವಳು ಕಣ್ಣೊರೆಸಿಕೊಂಡು ಓದಿದಳು. "ಅಕ್ಕಾ, ಇಲ್ ನೋಡು. ನಮ್ಮದು ಹೊಡೆದು ಹಾಕವ್ರೆ. 'ವ್ಯವಹಾರದ ಅತಿಥಿಗಳಿಗೆ ನೀಡುವ ಔತಣದ ವೆಚ್ಚ: ವಿನಾಯಿತಿ ಕಾಯಂ.' ಅಂದ್ರೆ ಯಜಮಾನ್ರು ಬೇರೆಯೋರಿಗೆ ಕೋಳಿ ತಿನ್ಸಿದ್ರೆ ಅದಕ್ಕೆ ತೆರಿಗೆ ಇಲ್ಲ! ತಿಂದ್ ಕೈ ತೊಳೆಯೋಕೂ ಸೋಪ್ ಬೇಕಲ್ವೇನ್ ಸಾಹೇಬ್ರೇ, ಅದು ಯಾವ ಲೆಕ್ಕ?"

"ಆಚೆ ನಡೀರಿ, ಗಬ್ಬು ಮುಂಡೇವಾ!"

"ಬರ್ಕೊಡಿ," ಎಂದಳು ಸುಣ್ಣದಕ್ಕ.

"ಏನು?"

"ನಮ್ಮ ಕೆಲಸ ಮಲಿನ ಅಲ್ಲ ಅಂತ. ಬರೆದು ಮೊಹರು ಒತ್ತಿ. ನಮ್ಮತ್ತೆ ನನ್ನ ಮಾತು ನಂಬಲ್ಲ."

ಅವರನ್ನು ಸಾಗಹಾಕಿದರೆ ಸಾಕೆಂದು ಸಾಹೇಬ ಗೀಚಿ, ಮೊಹರು ಕುಟ್ಟಿ, ಕಾಗದವನ್ನು ಕಿಂಡಿಯಿಂದ ಎಸೆದ. 'ಅರ್ಜಿದಾರರ ಕೆಲಸವು ಈಗ ಮಲಿನವಲ್ಲವಾದ ಕಾರಣ ಅರ್ಜಿ ತಿರಸ್ಕರಿಸಿದೆ.'

ಮನೆಯಲ್ಲಿ ಅತ್ತೆ ಆ ಕಾಗದವನ್ನು ಮೂರು ಸಲ ಓದಿಸಿದಳು. ಅವಳೂ ಮೂವತ್ತೊಂದು ವರ್ಷ ಅದೇ ಗುಂಡಿಗೆ ಬಾಗಿದವಳು. ಸುಣ್ಣ ಅವಳ ಬೆರಳ ತುದಿಗಳನ್ನು ಎಷ್ಟು ನುಣ್ಣಗೆ ತಿಂದಿತ್ತೆಂದರೆ ಹೆಬ್ಬೆಟ್ಟು ಒತ್ತುವ ಯಂತ್ರಗಳೆಲ್ಲ ಅವಳನ್ನು ಮನುಷ್ಯಳೆಂದೇ ಒಪ್ಪುತ್ತಿರಲಿಲ್ಲ.

"ಮೂವತ್ತೊಂದು ವರ್ಷ ಉಜ್ಜಿದೀನಿ ಕಣೇ! ಬೂದಿ ಹಾಕ್ದೆ, ನಿಂಬೆಹಣ್ಣು ಹಾಕ್ದೆ, ನಿನ್ನ ಮಾವ ಸೀಮೆಎಣ್ಣೇಲಿ ಉಜ್ಜೋಕೆ ಬಂದಿದ್ದ. ಹೋಗದ ನಾತ ಒಂದ್ ಮೊಹರಿಗೆ ಹೋಯ್ತಾ? ಆ ಮೊಹರು ಎಲ್ಲಿ ಸಿಗ್ತದೆ ಕೇಳ್ಬೇಕಿತ್ತು, ಬಚ್ಚಲಲ್ಲಿ ಇಟ್ಕೊಳ್ತಿದ್ವಿ!"

ನಗುತ್ತ ನಗುತ್ತ ಅತ್ತೆಗೆ ಕೆಮ್ಮು ಹತ್ತಿತು. ಗಂಡ ನಗಲಿಲ್ಲ. ಅವನು ಅದೇ ಕಾರ್ಖಾನೆಯಲ್ಲಿ ಹಸಿ ತೊಗಲಿನ ಹೊರೆ ಹೊರುವವನು, ರಾತ್ರಿ ಪಾಳಿ. ಹೊಸ್ತಿಲಲ್ಲಿ ಕೂತು ಬೂಟಿನ ಅಟ್ಟೆಗೆ ತಂತಿ ಬಿಗಿಯುತ್ತಿದ್ದ.

"ಇನ್ನೊಂದ್ ವರ್ಷ ಬರುತ್ತೆ ಬಿಡು," ಎಂದ.

"ಇನ್ನೊಂದ್ ವಾರ ಬಂದ್ರೆ ಹೆಚ್ಚು. ಹೋದ ಸಲ ಜಾರಿ ಬಿದ್ದು ಬೆನ್ನು ಉಳುಕಿ ಹದಿನೈದು ದಿನ ಮಲಗಿದ್ದು ಮರ್ತೋಯ್ತಾ? ಬೂಟು ತಗೋ. ನನ್ನ ಕೈಗವಸಿಗೆ ಸೈಕಲ್ ಟ್ಯೂಬ್ ಅಂಟಿಸ್ಕೊಳ್ತೀನಿ."

ಇದ್ದ ಒಂದು ಸೋಪನ್ನು ಸುಣ್ಣದಕ್ಕ ದಾರದಿಂದ ನಾಲ್ಕು ತುಂಡು ಮಾಡಿದಳು. ದೊಡ್ಡ ತುಂಡು ಮಗಳಿಗೆ. ಮಗಳು ಒಂಬತ್ತನೇ ಕ್ಲಾಸು. ಕಾರ್ಖಾನೆಯ ಗೇಟು ಸಹ ದಾಟಿದವಳಲ್ಲ, ಆದರೂ ಅವಳದು ಕಿಟಕಿ ಪಕ್ಕದ ಕೊನೆ ಬೆಂಚು, ಜೊತೆಗೆ ಯಾರೂ ಇಲ್ಲ. ಮನೆಯಲ್ಲಿ ಎಲ್ಲರ ಬಟ್ಟೆಯೂ ಒಂದೇ ಹಗ್ಗದ ಮೇಲೆ ಒಣಗುತ್ತಿತ್ತು.

"ಅಮ್ಮಾ, ಆ ಕಾಗದ ನಮ್ಮ ಟೀಚರ್‌ಗೆ ತೋರಿಸ್ಲಾ?" ಎಂದಳು ಮಗಳು. ಅದಕ್ಕೆ ಮಾತ್ರ ಅತ್ತೆಗೂ ನಗು ಬರಲಿಲ್ಲ.

ಮೂರು ವಾರ ಕಳೆಯಿತು. ಗುಂಡಿಯ ಸುತ್ತ ಒಬ್ಬೊಬ್ಬರ ಕೈಗವಸೂ ತೇಪೆಯ ಮೇಲೆ ತೇಪೆಯಾಯಿತು. ಕಿಲಕಿಲಿ ತನ್ನದಕ್ಕೆ ಅಂಟುಪಟ್ಟಿ ಸುತ್ತಿಕೊಂಡಿದ್ದಳು. ಗಂಡನಿಲ್ಲದೆ ಇಬ್ಬರು ಮಕ್ಕಳನ್ನು ಸಾಕುವವಳಿಗೆ ಅಷ್ಟೇ ಕೈಲಾದದ್ದು. "ಮದುವಣಗಿತ್ತಿ ಬಳೆ ಕಣಕ್ಕಾ" ಎಂದು ಎತ್ತಿ ತೋರಿಸುತ್ತಿದ್ದಳು.

ಆ ಶುಕ್ರವಾರ ಬೆಳಿಗ್ಗೆಯೇ ಮೇಸ್ತ್ರಿ ಬಂದು ದಡದ ಮೇಲೆ ನಿಂತ. "ಕೇಳ್ರೇ ಇಲ್ಲಿ! ಇವತ್ತು ದೂರದಿಂದ ಖರೀದಿದಾರ್ರು ಬರ್ತಾವ್ರೆ. ಮುಂದಿನ ಹಾಲ್‌ನಲ್ಲಿ ಯಜಮಾನ್ರು ಮಧ್ಯಾಹ್ನದ ಔತಣ ಇಟ್ಕೊಂಡವ್ರೆ. ಒಬ್ಬ ಲೌಡಿನೂ ಮುಂದಿನ ಅಂಗಳದ ಕಡೆ ಸುಳೀಬಾರ್ದು. ನಿಮ್ಮ ಗಾಳಿ ಬಂದ್ರೂ ಅರ್ಧ ದಿನದ ಸಂಬಳ ಕಟ್!"

"ಗಾಳಿ ಸಂಬಳಾನೂ ನೀವೇ ಹಿಡ್ಕೊಳ್ತೀರಾ ಮೇಸ್ತ್ರಿ?" ಎಂದಳು ಕಿಲಕಿಲಿ. ಗುಂಡಿಯ ಸುತ್ತ ನಗು ಒಂದು ಸುತ್ತು ಹೊಡೆದು ಬಂತು.

ಹನ್ನೆರಡೂವರೆಯ ಹೊತ್ತಿಗೆ ನೆನೆದು ಭಾರವಾದ ಒಂದು ಎತ್ತಿನ ತೊಗಲು ಕೊಕ್ಕೆಯಿಂದ ಜಾರಿತು. ಅದನ್ನು ಹಿಡಿಯಲು ಕಿಲಕಿಲಿ ಮೊಣಕೈವರೆಗೆ ಕೈ ಮುಳುಗಿಸಿದಳು. ಅಂಟುಪಟ್ಟಿ ಬಿಚ್ಚಿಕೊಂಡಿತು, ಸುಣ್ಣ ಕೈಗವಸಿನೊಳಗೆ ತುಂಬಿತು. ಅವಳು ಕೂಗಲಿಲ್ಲ. ಬಾಯಿ ತೆರೆದುಕೊಂಡು ಹಾಗೇ ನಿಂತಳು. ಅವಳು ನಗದೆ ಬಾಯಿ ತೆರೆದದ್ದನ್ನು ಕಂಡೇ ಎಲ್ಲರೂ ಓಡಿಬಂದರು.

ಸುಣ್ಣದಕ್ಕ ಅವಳನ್ನು ನಲ್ಲಿಗೆ ಎಳೆದೊಯ್ದು ಕೈಗವಸು ಕತ್ತರಿಸಿ ತೆಗೆದಳು. ಅಂಗೈ ಬೇಯಿಸಿದ ಹಾಗೆ ಬೆಳ್ಳಗೆ ಊದಿಕೊಂಡಿತ್ತು. ಎರಡು ಬೆರಳ ನಡುವೆ ಚರ್ಮವೇ ಇರಲಿಲ್ಲ. ನಲ್ಲಿಯಲ್ಲಿ ನೀರು ದಾರದಷ್ಟು ಸಣ್ಣಗೆ ಬರುತ್ತಿತ್ತು.

"ಔಷಧಿ ಪೆಟ್ಟಿಗೆ ಕೊಡಿ ಮೇಸ್ತ್ರಿ!"

"ಬೀಗದ ಕೈ ಆಫೀಸಿನೋರ ಹತ್ರ. ಅವರೆಲ್ಲ ಔತಣದಲ್ಲಿದಾರೆ. ತೊಳ್ಕೊಂಡು ಕೆಲಸಕ್ ಬಾ ಅನ್ನು, ತೊಗಲು ಹಾಳಾಗುತ್ತೆ."

"ಯಾರ ತೊಗಲು ಹಾಳಾಗೋದು ಹೇಳೋ?" ಎಂದಳು ಸುಣ್ಣದಕ್ಕ, ತಿರುಗಿ ನಿಂತು. ಹತ್ತೊಂಬತ್ತು ವರ್ಷದಲ್ಲಿ ಮೇಸ್ತ್ರಿಗೆ ಏಕವಚನ ಬಿದ್ದದ್ದು ಅದೇ ಮೊದಲು. ಅವನು ಕಿವಿ ಕೇಳಿಸದವನ ಹಾಗೆ ಹೊರಟುಹೋದ.

ಒಂದು ಗಂಟೆಗೆ ಊಟದ ಸೈರನ್ ಕೂಗಿತು. ಎಂದಿನ ಹಾಗೆ ಅತ್ತೆ ಹಿಂದಿನ ಗೇಟಿನಿಂದ ಡಬ್ಬಿ ಹಿಡಿದು ಬಂದಳು. ಕಿಲಕಿಲಿಯ ಕೈ ನೋಡಿದಳು. ತನ್ನ ನುಣುಪಾದ ಬೆರಳುಗಳಿಂದ ಅವಳ ಕೆನ್ನೆ ಒರೆಸಿ, "ಬೋಳಿಮಕ್ಳು," ಎಂದಳು, ಅಷ್ಟೇ.

ಆಗ ಕಿಲಕಿಲಿಯ ಮೂಗಿನಿಂದ ಸಣ್ಣ ಪೀಪಿ ಸದ್ದು ಬಂತು. "ಅಕ್ಕಾ... ಕಾಯಿದೆ ಪ್ರಕಾರ ಇದೇನೂ ಉರೀಬಾರ್ದು ಅಲ್ವಾ?"

ಮೊದಲು ನಕ್ಕಿದ್ದು ಅತ್ತೆ. ಆಮೇಲೆ ಸುಣ್ಣದಕ್ಕ, ಆಮೇಲೆ ಬಣ್ಣದ ಪೀಪಾಯಿಯವರು, ಕೆರೆಯುವ ಹಲಗೆಯವರು. ಅಳು ಬರಬೇಕಾದ ಜಾಗದಿಂದಲೇ ಬಂದ ನಗು ಅದು, ನಿಲ್ಲಿಸಿದರೆ ನಿಲ್ಲುವಂಥದ್ದಲ್ಲ. ನಗುವಿನ ನಡುವೆಯೇ ಸುಣ್ಣದಕ್ಕ ಏಪ್ರನ್ನಿನ ಒಳಜೇಬಿನಿಂದ ಮೊಹರಿನ ಕಾಗದ ತೆಗೆದಳು.

"ಅತ್ತೆ, ಡಬ್ಬಿ ಮುಚ್ಚಿಡಿ. ಇವತ್ತು ನಮಗೆ ಊಟ ಹಾಲ್‌ನಲ್ಲಿ."

"ಕರ್ದವ್ರಾ?"

"ಕರೆಯೋದೇನು? ಅಲ್ಲಿರೋ ಕೋಳೀಲಿ ನಮ್ಮ ಸೋಪಿನ ದುಡ್ಡಿದೆ."

ನಲವತ್ತು ಮಂದಿ ಹೊರಟರು. ಸುಣ್ಣ ಮೆತ್ತಿದ ಏಪ್ರನ್ನು, ಕೂದಲಂಟಿದ ತೋಳು, ಪಚಪಚ ಎನ್ನುವ ಬೂಟು. ಮುಂದೆ ಡಬ್ಬಿ ಹಿಡಿದ ಅತ್ತೆ. ಯಾರೋ ಸಿಳ್ಳೆ ಹಾಕಿದರು, ಮತ್ತೊಬ್ಬಳು ಮದುವೆಗೆ ಹೊರಟ ಹಾಗೆ ಕೈಬೀಸಿ ನಡೆದಳು. ಮುಂದಿನ ಅಂಗಳದಲ್ಲಿ ಕಾವಲುಗಾರ ಕೋಲು ಅಡ್ಡ ಹಿಡಿದ.

"ಎಲ್ಲಿಗ್ರೇ?"

"ಊಟಕ್ಕೆ. ನಮಗೀಗ ನಾತ ಇಲ್ಲ ಕಣಪ್ಪಾ, ಸರ್ಕಾರದ ಮೊಹರಿದೆ," ಎಂದು ಸುಣ್ಣದಕ್ಕ ಕಾಗದ ಚಾಚಿದಳು. ಅವನು ಅದನ್ನು ಓದಿ ಮುಗಿಸುವುದರೊಳಗೆ ಮೂವತ್ತು ಜನ ಅವನನ್ನು ದಾಟಿದ್ದರು. ಓದಿದ ಮೇಲೆ ಅವನೂ ಒಮ್ಮೆ ಕಿಸಕ್ಕೆಂದ.

ಹಾಲ್‌ನಲ್ಲಿ ಬಿಳಿ ಬಟ್ಟೆ ಹಾಸಿದ ಉದ್ದನೆಯ ಮೇಜುಗಳು. ಕೋಳಿ, ಮೀನು, ಹೆಸರೇ ಗೊತ್ತಿಲ್ಲದ ಬಣ್ಣಬಣ್ಣದ ತಿನಿಸು. ಯಜಮಾನ ಎದ್ದು ನಿಂತು ಏನೋ ಭಾಷಣ ಮಾಡುತ್ತಿದ್ದ. ಅವನ ಬಲಗಡೆ ಖರೀದಿದಾರರು, ಎಡಗಡೆ, ಕೊರಳಿಗೆ ಕರವಸ್ತ್ರ ಸಿಕ್ಕಿಸಿಕೊಂಡು, ತೆರಿಗೆ ಸಾಹೇಬ.

ವಾಸನೆ ಅವರಿಗಿಂತ ಮೊದಲು ಒಳಗೆ ಹೋಯಿತು. ಭಾಷಣ ಅರ್ಧಕ್ಕೆ ನಿಂತಿತು.

"ಯಾವ ಬೋಳಿಮಗ ಇವರನ್ನ ಒಳಗೆ ಬಿಟ್ಟಿದ್ದು? ಏಯ್! ತೊಲಗ್ರಿ ಆಚೆ! ನಾಯಿಗಳಾ!"

"ಕೂತ್ಕೊಂಡು ಮಾತಾಡಣ ಯಜಮಾನ್ರೇ," ಎಂದು ಅತ್ತೆ ಖಾಲಿ ಕುರ್ಚಿಯೊಂದರಲ್ಲಿ ಕೂತೇ ಬಿಟ್ಟಳು. ಕೂತು ಎರಡು ಸಲ ಮೇಲೆ ಕೆಳಗೆ ಕುಪ್ಪಳಿಸಿ ನೋಡಿದಳು. "ಅಯ್ಯೋ, ಮೆತ್ತಗಿದೆ ಕಣ್ರೇ! ನಮ್ಮ ತೊಗಲೇ ಇರ್ಬೇಕು!"

ಭಾಷೆ ತಿಳಿಯದ ಒಬ್ಬ ಮುದುಕ ಖರೀದಿದಾರ, ಹೆಂಗಸರು ನಿಂತಿದ್ದಾರಲ್ಲ ಎಂದು ಅಭ್ಯಾಸಬಲದಿಂದ ಎದ್ದು ತನ್ನ ಕುರ್ಚಿ ಎಳೆದುಕೊಟ್ಟ. ಯಜಮಾನನ ಮುಖ ಕಪ್ಪಿಟ್ಟಿತು.

ಸುಣ್ಣದಕ್ಕ ಕಾಗದವನ್ನು ಸಾಹೇಬನ ತಟ್ಟೆಯ ಪಕ್ಕದಲ್ಲಿಟ್ಟಳು. "ಸಾಹೇಬ್ರೇ, ನಾವ್ ನಾರ್ತೀವಿ ಅಂತಾವ್ರೆ ಯಜಮಾನ್ರು. ನೀವ್ ಬರ್ಕೊಟ್ಟಿದ್ದು ಬೇರೆ. ಎಲ್ಲರ ಮುಂದೆ ಒಂದ್ ಮಾತ್ ಹೇಳ್ಬಿಡಿ. ನಾತ ಇದೆ ಅಂದ್ರೆ ಈಗಲೇ ಎದ್ದು ಹೋಗ್ತೀವಿ, ನಮ್ಮ ಸೋಪಿನ ದುಡ್ಡು ವಾಪಸ್ ಕೊಡಿ. ಇಲ್ಲ ಅಂದ್ರೆ ತಟ್ಟೆ ಹಾಕ್ಸಿ."

ಸಾಹೇಬ ಉಸಿರು ಬಿಗಿಹಿಡಿದಿದ್ದ. ಅವನ ಕಣ್ಣಲ್ಲಿ ನೀರಾಡಿತು. ಯಜಮಾನನನ್ನು ನೋಡಿದ, ತನ್ನದೇ ಸಹಿಯನ್ನು ನೋಡಿದ. ಕೊನೆಗೆ ಉಸಿರು ತಡೆಯಲಾರದೆ, "ಕಾಯಿದೆ ಪ್ರಕಾರ... ಇಲ್ಲ," ಎಂದವನೇ, ಬಾಯಿಗೆ ಕೈ ಹಿಡಿದು ಹಿಂಬಾಗಿಲಿಗೆ ಓಡಿದ.

ಹಾಲ್ ತುಂಬ ಕೇಕೆ ಎದ್ದಿತು. ನಲವತ್ತು ಜನ ಸಿಕ್ಕ ಸಿಕ್ಕ ಕುರ್ಚಿಯಲ್ಲಿ ಕೂತರು. ಇಬ್ಬಿಬ್ಬರು ಒಂದೊಂದರಲ್ಲಿ, ಕೆಲವರು ಕಿಟಕಿಯ ಕಟ್ಟೆಯ ಮೇಲೆ. ಬಡಿಸುವ ಹುಡುಗಿ ಯಜಮಾನನ ಮುಖ ಒಮ್ಮೆ, ಇವರ ಮುಖ ಒಮ್ಮೆ ನೋಡಿ, ಕೋಳಿಯ ತಟ್ಟೆಯನ್ನು ತಂದು ಸದ್ದಿಲ್ಲದೆ ಅತ್ತೆಯ ಮುಂದಿಟ್ಟಳು.

"ಎಲ್ಲರ ಹೆಸರೂ ಬರ್ಕೋ ಮೇಸ್ತ್ರಿ!" ಅವರ ಹಿಂದೆಯೇ ಓಡಿಬಂದವನಿಗೆ ಯಜಮಾನ ಅರಚಿದ. "ಪೊಲೀಸ್‌ಗೆ ಫೋನ್ ಮಾಡು! ಊಟದ ಗಂಟೆ ಮುಗಿಯೋದ್ರೊಳಗೆ ಗುಂಡಿಗೆ ಇಳೀದೇ ಇದ್ದೋರಿಗೆ ನಾಳೆಯಿಂದ ಕೆಲಸ ಇಲ್ಲ!"

ಕೇಕೆ ಸ್ವಲ್ಪ ತಗ್ಗಿತು. ಬಾಯಿಗೆ ಹೋಗುತ್ತಿದ್ದ ಕೈಗಳು ನಿಂತವು. ಸುಣ್ಣದಕ್ಕನಿಗೆ ಬಾಡಿಗೆ, ಗಂಡನ ಬೆನ್ನು, ಮಗಳ ಫೀಸು ಎಲ್ಲವೂ ಒಟ್ಟಿಗೆ ಕಣ್ಣ ಮುಂದೆ ಬಂದು ನಿಂತವು. ಅವಳು ಪಕ್ಕಕ್ಕೆ ತಿರುಗಿದಳು. ಕಿಲಕಿಲಿ ಏನೂ ಮುಟ್ಟಿರಲಿಲ್ಲ. ಬೆಂದ ಕೈಯನ್ನು ಮಡಿಲಲ್ಲಿಟ್ಟುಕೊಂಡು, ತುಟಿ ಕಚ್ಚಿ ಕೂತಿದ್ದಳು.

ಮೇಜಿನ ನಡುವೆ ಬೆಳ್ಳಿಯ ಬಕೆಟ್ಟಿನಲ್ಲಿ ಮಂಜುಗಡ್ಡೆ, ಅದರಲ್ಲಿ ಯಜಮಾನನ ಬಾಟಲಿಗಳು. ಸುಣ್ಣದಕ್ಕ ಎದ್ದಳು. ಬಾಟಲಿಗಳನ್ನು ಒಂದೊಂದಾಗಿ ಎತ್ತಿ ಬಿಳಿ ಬಟ್ಟೆಯ ಮೇಲಿಟ್ಟಳು. ನೀರಿನ ಹೂಜಿಯನ್ನು ಪೂರ್ತಿ ಬಕೆಟ್ಟಿಗೆ ಬಗ್ಗಿಸಿದಳು. ಕಿಲಕಿಲಿಯ ಮೊಣಕೈ ಹಿಡಿದು, ಎಳೆಗೂಸನ್ನು ನೀರಿಗಿಳಿಸುವ ಹಾಗೆ, ಮೆಲ್ಲಗೆ ಆ ಕೈಯನ್ನು ಒಳಗಿಳಿಸಿದಳು. ಸುಲಿದ ಬೆರಳುಗಳನ್ನು ಹಾಲ್‌ನಲ್ಲಿದ್ದವರೆಲ್ಲ ನೋಡಿದರು. ಮುದುಕ ಖರೀದಿದಾರ ಮುಳ್ಳುಚಮಚ ಕೆಳಗಿಟ್ಟ.

"ಆಹ್ಹಾ..." ಎಂದಳು ಕಿಲಕಿಲಿ. ಕಣ್ಣು ಮುಚ್ಚಿಕೊಂಡವು. "ಅಕ್ಕಾ, ಎಷ್ಟ್ ತಣ್ಣಗಿದೆ ಗೊತ್ತಾ... ಒಂದ್ ಚೂರು ಹಿಂಗೇ ಇರ್ಲಿ."

ಅಷ್ಟರಲ್ಲಿ ಸೈರನ್ ಕೂಗಿತು. ಊಟದ ಬಿಡುವು ಮುಗಿದಿತ್ತು. ಮೇಸ್ತ್ರಿ ಬಾಗಿಲಲ್ಲಿ ಪೆನ್ನು ಹಿಡಿದು ನಿಂತ. ನಲವತ್ತು ತಲೆಗಳು ಸುಣ್ಣದಕ್ಕನ ಕಡೆ ತಿರುಗಿದವು.

ಸುಣ್ಣದಕ್ಕ ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆಳೆದು ಕೂತು, ಒಂದು ಕೋಳಿ ಕಾಲು ಕೈಗೆತ್ತಿಕೊಂಡಳು.

"ಬರ್ಕೋ ಮೇಸ್ತ್ರಿ," ಎಂದಳು. "ನನ್ನ ಹೆಸರು ಮೊದಲು ಬರ್ಕೋ. ಅತ್ತೆ, ಆ ಉಪ್ಪು ಇತ್ಲಾಗ್ ಕೊಡಿ."