ಗಾಳಿಗೆ ಮುಚ್ಚಿದ ಬಾಗಿಲು

ಬಂಗಾರಪೇಟೆ ಪಕ್ಕದ ಹಳ್ಳಿ, ಏಪ್ರಿಲ್ ತಿಂಗಳ ಉರಿಬಿಸಿಲು. ಟೊಮೇಟೊ ಬಿಡಿಸಲು ಹೋಗಿ ತೋಟದಲ್ಲೇ ಕುಸಿದ ಗಂಡ ಮುನೀಂದ್ರನನ್ನು ಅಂಬಿಕ ಆಟೋದಲ್ಲಿ ಮನೆಗೆ ತಂದಳು. ಅತ್ತೆ ಅಕ್ಕಯ್ಯಮ್ಮ ಮಗನ ಹಣೆ ಮುಟ್ಟಿದರೆ ಕಾದ ಹೆಂಚು. ಕರೆದರೆ ಏನೇನೋ ಬಡಬಡಿಸುತ್ತಿದ್ದ.

ಹೋದ ಬೇಸಿಗೆಯಲ್ಲಿ ಅಕ್ಕಯ್ಯಮ್ಮನ ಗಂಡ ಬಚ್ಚಪ್ಪನೂ ಹೀಗೆಯೇ ಬಿದ್ದಿದ್ದ. ಸಂಜೆಯೊಳಗೆ ಹೋಗಿಬಿಟ್ಟ. ಅವತ್ತು ಮಾಡಿದ್ದನ್ನೇ ಅವಳು ಇವತ್ತೂ ಮಾಡಿದಳು. ಅದೇ ಕಂಬಳಿಯನ್ನು ನೀರಲ್ಲಿ ಅದ್ದಿ ಕುತ್ತಿಗೆವರೆಗೂ ಹೊದಿಸಿ, ಬಾಗಿಲು ಕಿಟಕಿ ಮುಚ್ಚಿ ಅಗುಳಿ ಹಾಕಿದಳು. ಸುಡುವ ಮೈಗೆ ಗಾಳಿ ಸೋಕಿದರೆ ಕೈಕಾಲು ಬಿದ್ದುಹೋಗುತ್ತವೆ ಎಂದು ಅವಳ ಹಿರಿಯರು ಹೇಳುತ್ತಿದ್ದರು.

ಅಂಬಿಕ ಫೋನ್ ಮಾಡಿದ್ದಕ್ಕೆ ಆಶಾ ಕಾರ್ಯಕರ್ತೆ ಕಲ್ಪನ 108ಕ್ಕೆ ಹೇಳಿ, ಓಡಿಬಂದು ಬಾಗಿಲು ಬಡಿದಳು.

“ತೆಗೀರಿ! ಕಂಬಳಿ ಎಳೆದಾಕ್ರಿ!”

“ಗಾಳಿ ಸೋಕ್ತದೆ ಕಣಮ್ಮಿ!” ಅಕ್ಕಯ್ಯಮ್ಮ ಒಳಗಿಂದಲೇ ಕೂಗಿದಳು. “ನೀರಾಕಿದೀನಲ್ಲ, ಸಾಲ್ದಾ? ಮೊನ್ನೆ ಉಟ್ಟಿದೋಳು ನಂಗೇಳ್ತೀಯಾ?”

“ಅಕ್ಕಯ್ಯಮ್ಮೋ, ಹಾಲಿನ ಕ್ಯಾನಿಗೆ ಒದ್ದೆ ಗೋಣಿ ಸುತ್ತಿ ಎಲ್ಲಿಡ್ತೀಯ? ಪೆಟ್ಟಿಗೇಲಾ?”

“ಅಯ್ಯೋ, ಒಡೆದೋಗಲ್ವಾ? ಜಗಲಿ ಮ್ಯಾಲೆ, ಗಾಳಿಗೆ.”

“ಅಂಗೇ ಮನ್ಸನೂ ಕಣವ್ವ. ನೀರು ಆರೋವಾಗ ಬಿಸೀನ ಎತ್ಕೊಂಡೋಗ್ತದೆ. ಗಾಳಿ ಇಲ್ದಿದ್ರೆ ನೀರು ಆರಲ್ಲ, ಬಿಸಿ ಓಗಲ್ಲ. ಆ ಕಂಬಳಿಯೊಳ್ಗೆ ನಿನ್ನ ಮಗ ಬೇಯ್ತಾವ್ನೆ!”

ಒಳಗೆ ಒದ್ದೆ ಕಂಬಳಿ ನೆಲಕ್ಕೆ ಬಿದ್ದ ಸದ್ದು. ಆಮೇಲೆ ಅಗುಳಿ ಸರಿದ ಸದ್ದು.

ಮುನೀಂದ್ರನನ್ನು ಹೊಂಗೆ ಮರದ ನೆರಳಿಗೆ ತಂದು, ಅಂಗಿ ಬಿಚ್ಚಿ, ಮೈಗೆಲ್ಲ ನೀರು ಚಿಮುಕಿಸಿ ಮೊರದಿಂದ ಬೀಸಿದರು. ಆರಿದಂತೆಲ್ಲ ಮತ್ತೆ ನೀರು, ಮತ್ತೆ ಗಾಳಿ. ಅಂಬಿಕ ಲೋಟ ತಂದರೆ ಕಲ್ಪನ ತಡೆದಳು. “ಎಚ್ಚರ ನೆಟ್ಟಗಿಲ್ಲ, ಬಾಯಿಗೆ ಉಯ್ಬೇಡ. ಶ್ವಾಸಕ್ಕೋಗ್ತದೆ.” ಆಂಬುಲೆನ್ಸ್ ಬರುವ ಹೊತ್ತಿಗೆ ಮುನೀಂದ್ರ “ಅವ್ವಾ” ಅಂದ.

ನಾಲ್ಕನೇ ದಿನ ಮಗ ಆಸ್ಪತ್ರೆಯಿಂದ ಮನೆಗೆ ಬಂದ. ಅಕ್ಕಯ್ಯಮ್ಮ ಜಗಲಿಯಲ್ಲಿ ಕಲ್ಪನಳ ಕೈ ಹಿಡಿದು ಮೆಲ್ಲಗೆ ಕೇಳಿದಳು:

“ಅವತ್ತು ಬಾಗ್ಲು ತೆಗ್ದಿದ್ರೆ ನಮ್ಮೆಜಮಾನ್ರು ಉಳೀತಿದ್ರಾ?”

ಕಲ್ಪನ ಸುಳ್ಳು ಹೇಳಲಿಲ್ಲ. “ನಂಗೊತ್ತಿಲ್ಲ ಅಕ್ಕಯ್ಯಮ್ಮ. ಯಾರೂ ಏಳ್ಕೊಟ್ಟಿರ್ಲಿಲ್ಲ ನಿಂಗೆ.”

ಅಕ್ಕಯ್ಯಮ್ಮ ಎದ್ದು ಒಳಗೆ ಹೋದಳು. ಬಾಗಿಲ ಮರದ ಅಗುಳಿಯನ್ನು ಕಿತ್ತು ತಂದು ಒಲೆಗೆ ಹಾಕಿದಳು.

ಅವ್ವಂದಿರೇ, ಅಣ್ಣಂದಿರೇ, ಬಿಸಿಲಿಗೆ ಯಾರಾದರೂ ಬಿದ್ದರೆ 108ಕ್ಕೆ ಫೋನ್ ಮಾಡಿ. ನೆರಳಿಗೆ ತನ್ನಿ, ಮೈ ನೆನೆಸಿ, ಬೀಸುತ್ತಲೇ ಇರಿ. ಹೊದಿಸಬೇಡಿ. ಅಕ್ಕಯ್ಯಮ್ಮನಿಗೆ ಇದು ಒಂದು ವರ್ಷ ತಡವಾಗಿ ತಿಳಿಯಿತು. ನಿಮಗೆ ಇವತ್ತೇ ತಿಳಿದಿದೆ.