ಮೂರು ಪಾಳಿಯ ಮಂಚ

ನಾನೊಂದು ಕಬ್ಬಿಣದ ಮಂಚ. ಎರಡೂವರೆ ಅಡಿ ಅಗಲ, ಆರಡಿ ಉದ್ದ. ಯಾವುದೋ ದೇಶದ ಮುರುಕು ಹಡಗಿನ ಕಬ್ಬಿಣವಂತೆ ನನ್ನದು; ಸಮುದ್ರ ಕಂಡ ನೆನಪೇನೂ ಇಲ್ಲ. ಹುಟ್ಟಿದ್ದು ಬೆಂಗಳೂರಿನ ಒಂದು ವೆಲ್ಡಿಂಗ್ ಅಂಗಡಿಯಲ್ಲಿ. ಬೆಸುಗೆ ಹಾಕಿದ ಪುಣ್ಯಾತ್ಮ ಒಂದು ಕಾಲನ್ನು ಬೆರಳಗಲ ಗಿಡ್ಡ ಮಾಡಿಬಿಟ್ಟ. ಅಂದಿನಿಂದ ಯಾರು ಮಗ್ಗುಲು ಬದಲಿಸಿದರೂ ಟಕ್ ಎನ್ನುತ್ತೇನೆ. ತಪ್ಪು ಅವನದು, ಬೈಸಿಕೊಳ್ಳುವುದು ನಾನು.

ಮೊದಲು ಸೇರಿದ್ದು ಒಂದು ಸಣ್ಣ ಆಸ್ಪತ್ರೆಗೆ. ಅಲ್ಲಿ ಒಂದೇ ನ್ಯಾಯ: ಕಾಯಿಲೆ ಬಿದ್ದವನಿಗೆ ಮಂಚ, ವಾಸಿಯಾದವನು ಎದ್ದು ಮನೆಗೆ. ಮೈ ಸುಡುವ ಜ್ವರದ ಭಾರ ಎಂಥದ್ದೆಂದು ಅಲ್ಲೇ ಕಲಿತೆ. ಆಸ್ಪತ್ರೆ ಮುಚ್ಚಿದಾಗ ಚೌಡಮ್ಮ ನನ್ನನ್ನು ಕೊಂಡಳು.

ಚೌಡಮ್ಮ ಊರಂಚಿನಲ್ಲಿ ರಾಗಿ ಬೆಳೆಯುತ್ತಿದ್ದ ಹೆಂಗಸು. ಬೆಂಗಳೂರು ಬೆಳೆದು ಅವಳ ಹೊಲದ ಬದುವಿಗೇ ಬಂತು. ಅವಳು ಹೊಲದಲ್ಲಿ ತಗಡಿನ ಕೋಣೆಗಳನ್ನು ಎಬ್ಬಿಸಿ, ಎಲ್ಲೆಲ್ಲಿಂದಲೋ ದುಡಿಯಲು ಬಂದ ಗಂಡಸರಿಗೆ ಕೊಟ್ಟಳು. ಕೋಣೆಗೆ ಎಂಟು ಮಂಚ, ಮಂಚಕ್ಕೆ ಮೂವರು. ನಡುವಿನ ನೆಲಕ್ಕೂ ಮೂವರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರಲ್ಲ, ಇಲ್ಲಿ ಪಾಳಿ ಇದ್ದಷ್ಟು ಹೊತ್ತು ಮಾತ್ರ ಚಾಚಬೇಕು. ಹೊತ್ತಾಯಿತೆಂದರೆ ಚೌಡಮ್ಮ ಸೌಟಿನಿಂದ ತಟ್ಟೆ ಬಡಿಯುತ್ತಿದ್ದಳು.

ಬೆಳಗಿನ ಪಾಳಿ ಸಾಬಣ್ಣನದು. ಯಾದಗಿರಿ ಕಡೆಯವನು, ರಾತ್ರಿಯಿಡೀ ಒಂದು ಅಪಾರ್ಟ್‌ಮೆಂಟಿನ ಗೇಟು ಕಾಯುವುದು, ಮಧ್ಯಾಹ್ನ ಇನ್ನೆಲ್ಲೋ ಗಾಡಿ ನಿಲ್ಲಿಸುವ ಕೆಲಸ. ಒಂದೂವರೆಗೆ ಎದ್ದು ಓಡುತ್ತಿದ್ದ. ಎರಡು ಗಂಟೆಗೆ ಬರುತ್ತಿದ್ದವನು ಬೀರೇನ್, ಅಸ್ಸಾಮಿನ ಹುಡುಗ. ಬೆಳಿಗ್ಗೆ ಹಗ್ಗಕ್ಕೆ ನೇತುಬಿದ್ದು ದೊಡ್ಡ ಕಟ್ಟಡಗಳ ಗಾಜು ಒರೆಸುತ್ತಿದ್ದ, ರಾತ್ರಿ ಹೋಟೆಲಿನಲ್ಲಿ ಪಾತ್ರೆ. ರಾತ್ರಿ ಪಾಳಿಗೆ ನೇಪಾಳದ ದಿಲ್ಮಾನ್.

ಒಂದೂವರೆ ವರ್ಷ ಒಂದೇ ಮಂಚದಲ್ಲಿ ಮಲಗಿದರೂ ಸಾಬಣ್ಣನೂ ಬೀರೇನನೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಸಾಬಣ್ಣ ಅರ್ಧ ಜೋಳದ ರೊಟ್ಟಿಯನ್ನು ನನ್ನ ತಲೆಗಂಬಿಗೆ ಕಟ್ಟಿಟ್ಟು ಹೋಗುತ್ತಿದ್ದ. ಬೀರೇನ್ ಅದನ್ನು ತಿಂದು, ಆ ಚೀಲದಲ್ಲಿ ಒಂದು ಬಾಳೆಹಣ್ಣು ಇಡುತ್ತಿದ್ದ. ಇಬ್ಬರ ನಡುವೆ ನಡೆದ ಮಾತುಕತೆ ಇಷ್ಟೇ.

ಆಷಾಢದಲ್ಲಿ ಸಾಬಣ್ಣನಿಗೆ ಜ್ವರ ಬಂತು. ಮೈ ಇಟ್ಟ ಕೂಡಲೇ ನನಗೆ ತಿಳಿಯಿತು, ಇದು ಒಂದೂವರೆಗೆ ಎದ್ದು ಓಡಲು ಬಿಡುವ ಜ್ವರವಲ್ಲ. ಅಯ್ಯೋ, ನಾನು ಹೇಳುವುದಾದರೂ ಯಾರಿಗೆ? ಚೌಡಮ್ಮ ತಟ್ಟೆ ಬಡಿದಳು. ಅವನು ಏಳಲಿಲ್ಲ. ಮಲಗೋದಾದರೆ ಊರಿಗೆ ಹೋಗಿ ಮಲಗು ಎಂದು ಗದರಿದಳು. ಅಷ್ಟರಲ್ಲಿ ಬೀರೇನ್ ಬಂದ. ಸಾಬಣ್ಣ ಗೋಡೆಯ ಕಡೆ ತಿರುಗಿಕೊಂಡು ನಡುಗುತ್ತಿದ್ದ. ಕಣ್ಣು ತೆರೆಯದೆಯೇ ಏಳಲು ಹೋಗಿ ಬಿದ್ದ.

ಬೀರೇನ್ ಅವನ ಹೆಗಲು ಹಿಡಿದು ಮತ್ತೆ ಮಲಗಿಸಿದ. ಬಂದಷ್ಟು ಕನ್ನಡದಲ್ಲಿ, “ಮಲಗು ಅಣ್ಣ. ನನಗೆ ನಿದ್ದೆ ಇಲ್ಲ” ಎಂದ.

ಶುದ್ಧ ಸುಳ್ಳು. ಅವನ ತೂಕಡಿಸುವ ತಲೆ ಆಗಲೇ ನನ್ನ ಕಂಬಿಗೆ ತಾಗಿತ್ತು. ನನಗೂ ಪಕ್ಕದ ಮಂಚಕ್ಕೂ ನಡುವಿನ ಎರಡು ಗೇಣು ಜಾಗದಲ್ಲಿ, ತಗಡಿನ ಸೆಖೆಗೆ ಅಂಗಿ ಕಳಚಿ, ಮೊಣಕಾಲು ಮಡಚಿ, ನನ್ನ ಪಕ್ಕದ ಪಟ್ಟಿಗೆ ಬೆನ್ನು ಕೊಟ್ಟು ಕುಳಿತ. ಸಾಬಣ್ಣ ನರಳಿದಾಗಲೆಲ್ಲ ಎದ್ದು ಬಟ್ಟೆ ಒದ್ದೆ ಮಾಡಿ, ಅವನ ಮುಖದ ಮೇಲೆ ಪೂರಾ ಹಾಸುತ್ತಿದ್ದ. ಅದು ಸರಿದಾಗ ಸಾಬಣ್ಣನಿಗೆ ಕಾಣುತ್ತಿದ್ದದ್ದು ಆ ಬರಿಯ ಬೆನ್ನು ಮಾತ್ರ. ರಾತ್ರಿ ದಿಲ್ಮಾನ್ ಬಂದರೆ ಸಾಬಣ್ಣ ಬಾಗಿಲಾಚೆ ಬಿದ್ದುಕೊಳ್ಳುತ್ತಿದ್ದ. ದಿಲ್ಮಾನನದೂ ತಪ್ಪಲ್ಲ, ಅವನಿಗೂ ಇದ್ದದ್ದು ಅದೊಂದೇ ನಿದ್ದೆ. ಹೀಗೆ ನಾಲ್ಕು ಮಧ್ಯಾಹ್ನ ಬೀರೇನ್ ಕುಳಿತೇ ಕಳೆದ. ನನಗೆ ಕಾಲು ನಾಲ್ಕಿವೆ. ಒಂದು ಮೊಳ ಅಗಲವಾಗಲು ಬರಲಿಲ್ಲ.

ಐದನೆಯ ದಿನ ಜ್ವರ ಬಿಟ್ಟಿತು. ಸಾಬಣ್ಣ ಎದ್ದು ಚಾದರ ಕೊಡವಿ, ರೊಟ್ಟಿ ಕಟ್ಟಿಟ್ಟು, ಅವತ್ತು ಕೆಲಸಕ್ಕೆ ಹೋಗದೆ ಕಾದ. ಆ ಹುಡುಗನ ಮುಖ ನೋಡಬೇಕಿತ್ತು ಅವನಿಗೆ. ಎರಡಾಯಿತು, ಮೂರಾಯಿತು. ಬಂದವರು ಪೊಲೀಸರು. ಹನ್ನೊಂದನೇ ಮಹಡಿಯಲ್ಲಿ ಬೀರೇನ್ ನಿದ್ದೆಗಣ್ಣಿನಲ್ಲಿ ಸೊಂಟದ ಕೊಂಡಿಯನ್ನು ಹಗ್ಗಕ್ಕೆ ಹಾಕಿಕೊಳ್ಳಲು ಮರೆತಿದ್ದನಂತೆ.

ಗುರುತು ಹಿಡಿಯಲು ಸಾಬಣ್ಣನನ್ನು ಕರೆದೊಯ್ದರು. ರಾತ್ರಿ ಬಂದು ದಿಲ್ಮಾನನಿಗೆ ಹೇಳುವಾಗ ನಾನೂ ಕೇಳಿಸಿಕೊಂಡೆ. ಹೆಣದ ಮುಖ ತೋರಿಸಿದರಂತೆ. ಇವನು, “ಮಾರಿ ನೋಡಿಲ್ರಿ ಸಾಹೇಬ್ರ. ಬೆನ್ನ ಗುರ್ತ ಅದ. ಬೋರಲು ಹಾಕ್ರಿ” ಎಂದನಂತೆ. ಬೆನ್ನಿಗೆ ಅಡ್ಡಲಾಗಿ ಒಂದು ಕಂದು ಗೀರು ಇತ್ತು. ಅದು ನಾಲ್ಕು ಮಧ್ಯಾಹ್ನ ಒತ್ತಿದ ನನ್ನ ಪಟ್ಟಿಯ ಗೀರು. ಸತ್ತವನು ನಿನಗೇನಾಗಬೇಕು ಎಂದು ಕಾಗದ ಹಿಡಿದವರು ಕೇಳಿದರಂತೆ.

“ಒಂದೇ ಮಂಚದಾಗ ಮಲ್ಕೊಳ್ಳೋರ್ರಿ.”

ಅಂಥ ಸಂಬಂಧ ಬರೆಯಲು ಕಾಗದದಲ್ಲಿ ಜಾಗ ಇರಲಿಲ್ಲವಂತೆ.

ಮರುದಿನ ಸಾಬಣ್ಣ ಚೌಡಮ್ಮನ ಮುಂದೆ ಕೈಮುಗಿದು ನಿಂತ. “ಎರಡರ ಪಾಳಿ ಒಂದ ದಿನ ಖಾಲಿ ಬಿಡ್ರಿ ಯವ್ವ. ಅವನ ಹೆಸರ್ಲೆ.”

ಚೌಡಮ್ಮ ಕಣ್ಣೊರೆಸಿಕೊಂಡಳು, ಸುಳ್ಳು ಹೇಳಬಾರದು. ಆದರೂ, “ಸತ್ತೋನ್ಗೆ ಮಂಚ ಯಾಕಪ್ಪ? ಬದುಕಿರೋರು ಬಾಗ್ಲಲ್ಲಿ ನಿಂತವ್ರೆ” ಎಂದಳು. ನಿಜಕ್ಕೂ ಬಾಗಿಲಲ್ಲಿ ಚೀಲ ಹಿಡಿದ ಒಬ್ಬ ನಿಂತಿದ್ದ. ಎರಡು ಗಂಟೆಗೆ ಅವನು ನನ್ನ ಮೇಲೆ ಮಲಗಿದ. ನಾನು ಟಕ್ ಎಂದೆ.

ಆಮೇಲೆ ಆ ಹೊಲದಲ್ಲೂ ಗಾಜಿನ ಕಟ್ಟಡವೇ ಎದ್ದಿತು. ಕೋಣೆಗಳನ್ನು ಕೆಡವಿದರು, ಮಲಗುವವರು ಇನ್ನೂ ದೂರದ ಅಂಚಿಗೆ ಹೋದರು. ನಾನು ಗುಜರಿ ಅಂಗಡಿಯಲ್ಲಿ ಕಾಲು ಮೇಲಾಗಿ ಬಿದ್ದಿದ್ದೇನೆ. ಇಲ್ಲಿಂದ ಆ ಗಾಜು ಕಾಣುತ್ತದೆ, ಅದಕ್ಕೆ ನೇತುಬಿದ್ದು ಒರೆಸುವವರೂ ಕಾಣುತ್ತಾರೆ. ಅವರೆಲ್ಲ ಎಲ್ಲಿ, ಎಷ್ಟು ಹೊತ್ತು ಮಲಗಿ ಬಂದಿದ್ದಾರೋ.

ಸಾಬಣ್ಣ ಬೇಡಿದ್ದು ಒಂದೇ ದಿನ. ಈಗ ನಾನು ಬೆಳಿಗ್ಗೆ ಖಾಲಿ, ಮಧ್ಯಾಹ್ನ ಖಾಲಿ, ರಾತ್ರಿ ಖಾಲಿ.