ಅಮ್ಮಿಯಾಳ ರೊಟ್ಟಿ, ನೀಕೆಯ ಕಂಬಳಿ

ಅಮ್ಮಿಯಾಳ ಶವಕ್ಕೆ ಎಣ್ಣೆ ಸವರುತ್ತಿದ್ದ ನೀಕೆಯ ಕೈ, ಹೊಸ್ತಿಲಲ್ಲಿ ಗಂಡಸೊಬ್ಬ ಗೊಳೋ ಎಂದು ಅತ್ತದ್ದು ಕೇಳಿ ನಿಂತಿತು.

ತ್ರಿಫೋನ್. ಕ್ರಿಸ್ತನ ಹೆಸರು ಹೇಳಿದ್ದಕ್ಕೆ ಥೆಸಲೋನಿಕದ ಸೆರೆಯಲ್ಲಿ ಕೊಳೆತು, ಈಚೆಗೆ ಹೊರಬಂದವನು. ಅಮ್ಮಿಯಾಳಿಗೆ ಕೈಮುಗಿಯಲೆಂದೇ ಫಿಲಿಪ್ಪಿಗೆ ನಡೆದು ಬಂದಿದ್ದ.

"ಚಳಿಗಾಲದಲ್ಲಿ ರೊಟ್ಟಿ ಕಳಿಸಿದ್ಲು, ಬೇಸಿಗೇಲಿ ಕಳಿಸಿದ್ಲು. ಸಾಕು ತಾಯೀ ಅಂತ ಹೇಳಿ ಕಳಿಸಿದ್ರೂ ಕಳಿಸಿದ್ಲು. ನಮ್ಮ ನೆಂಟರೇ ಮರೆತ್ರು, ಇವ್ಳು ಮರೀಲಿಲ್ಲ."

ನೆರೆದ ಹೆಂಗಸರು ಮುಸುಕಿನಲ್ಲಿ ಕಣ್ಣೊರೆಸಿಕೊಂಡರು. ನೀಕೆಗೆ ಅಳು ಬರಲಿಲ್ಲ; ಹೊಟ್ಟೆ ಉರಿಯಿತು.

"ಕಂಬಳಿ ಬಂದಿತ್ತಾ?" ಎಂದಳು.

"ಯಾವ್ದು ಅಕ್ಕ?"

"ನೇರಳೆ ಅಂಚಿಂದು."

"ಓ, ಅದಾ! ಎಷ್ಟು ಬೆಚ್ಚಗಿತ್ತು! ಅದೂ ಅಮ್ಮಿಯಾ ತಾಯೀದೇ ಅಲ್ವಾ?"

"ಹೆಣದ ಮುಂದೆ ಇದೆಲ್ಲಾ ಬೇಡ ಕಣೇ ನೀಕೆ," ಪಕ್ಕದಲ್ಲಿದ್ದ ಮುದುಕಿ ಖ್ರೀಸೆ ಗದರಿದಳು.

*

ಆ ಕಂಬಳಿ ನೀಕೆಯ ಮದುವೆಯದು. ಅಮ್ಮಿಯಾಳ ಗಂಟಿನ ಜೊತೆ ಅದನ್ನು ಕಳಿಸಿದ ಮೇಲೆ, ಪ್ರಾರ್ಥನೆಗೆ ಸೇರಿದಾಗಲೆಲ್ಲ ತನ್ನ ಹೆಸರಿಗಾಗಿ ಕಿವಿ ನೆಟ್ಟು ಕೂರುತ್ತಿದ್ದಳು. ಸೆರೆಯಿಂದ ಬಂದ ವಂದನೆಗಳೆಲ್ಲ ಕಡಲೆ ಮಾರುವ ಅಮ್ಮಿಯಾಳಿಗೆ. ಕಳಿಸುತ್ತಿದ್ದುದಾದರೂ ಏನು? ಬಾರ್ಲಿ ರೊಟ್ಟಿ, ಒಣ ಅಂಜೂರ.

"ಮತ್ತೆ ಮತ್ತೆ ಕಳಿಸ್ತೀಯಲ್ಲ, ಹೆಸರು ಬರ್ಲಿ ಅಂತಾನಾ?" ಒಮ್ಮೆ ಕುಟುಕಿದ್ದಳು.

ಅಮ್ಮಿಯಾ ಹಿಟ್ಟು ನಾದುತ್ತಲೇ ನಕ್ಕಿದ್ದಳು. "ಹೆಸರು ಬಂದ್ರೆ ಖುಷೀನೇ, ಸುಳ್ಳ್ಯಾಕೆ ಹೇಳ್ಲಿ? ಆದ್ರೆ ನಿನ್ನೆ ತಿಂದೋರಿಗೆ ಇವತ್ತು ಹಸಿಯಲ್ವೇನೇ? ಬಾ, ನೀನೂ ಒಂದೆರಡು ತಟ್ಟು."

ಕೆಲಸವಿದೆಯೆಂದು ನೀಕೆ ಎದ್ದು ಹೋಗಿದ್ದಳು.

*

ಊರ ಹೊರಗೆ, ಹೆದ್ದಾರಿಯ ಪಕ್ಕದ ಗುಂಡಿಗೆ ಮಣ್ಣು ಬಿದ್ದಿತು. ತ್ರಿಫೋನ್ ಜೋಳಿಗೆ ಹೆಗಲಿಗೇರಿಸಿದ.

"ಇನ್ನೂ ನಮ್ಮೋರು ಒಳಗಿದ್ದಾರೆ. ಅವ್ರಿಗೆ ಹೋಗಿ ಏನಂತ ಹೇಳ್ಲಿ?"

ಖ್ರೀಸೆ ನೆಲ ನೋಡಿದಳು.

"ಅವಳೊಬ್ಳಿಗೇನಾ ಕೈ ಇದ್ದಿದ್ದು?" ನೀಕೆಯ ದನಿ ಏರಿತು. "ಇವತ್ತು ಇಲ್ಲೇ ಇರು. ನಾಳೆ ರೊಟ್ಟಿ ತಗೊಂಡು ಹೋಗುವಿಯಂತೆ."

"ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ ಅಕ್ಕ. ಅಮ್ಮಿಯಾ ತಾಯೀನೇ ಮತ್ತೆ ಸಿಕ್ಕಂಗಾಯ್ತು!"

ನೀಕೆ ಬಿರಬಿರನೆ ಮನೆಗೆ ನಡೆದಳು. ಬಾರ್ಲಿಯನ್ನು ಪಕ್ಕಕ್ಕೆ ತಳ್ಳಿ ಗೋಧಿ ಹಿಟ್ಟು ಸುರಿದಳು. ಜೇನು ಹುಯ್ದಳು, ಸಾಲದೆಂದು ಇನ್ನಷ್ಟು ಹುಯ್ದಳು. ರಟ್ಟೆ ನೋಯುವಷ್ಟು ನಾದಿದಳು. ಒಲೆಗೆ ಹಾಕುವ ಮುನ್ನ, ಒಂದೊಂದು ರೊಟ್ಟಿಯ ನಡುವೆಯೂ ತನ್ನ ಹೆಬ್ಬೆರಳನ್ನು, ಗುರುತು ಉಳಿಯುವಂತೆ, ಬುಡದವರೆಗೆ ಒತ್ತಿದಳು.